ಬೀಡಿ ಮುಟ್ಟದ ಅಮ್ಮನಿಗೆ ಸಿಒಪಿಡಿ: ಕಾರಣ ಏನು, ಇನ್‌ಹೇಲರ್ ಎಷ್ಟು ದಿನ, ಆಕ್ಸಿಜನ್ ಮಿಷನ್ ಬೇಕಾ?

ಶಿಂಷಾತೀರ (ಮದ್ದೂರು)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಸಿಒಪಿಡಿ (ಗಾಳಿನಾಳ ಕಿರಿದಾಗಿ ಉಸಿರು ಕಟ್ಟೋ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಂತ ಹೇಳಿದಾರೆ. ವಿವರ ಎಲ್ಲ ಒಂದೇ ಕಡೆ ಹಾಕ್ತಿದೀನಿ, ತಿಳಿದೋರು ದಯವಿಟ್ಟು ಹೇಳಿ.

ಅಮ್ಮನಿಗೆ 61 ವರ್ಷ, ಎತ್ತರ 150 ಸೆಂ.ಮೀ., ತೂಕ 43 ಕೆ.ಜಿ. ಬೀಡಿ, ಸಿಗರೇಟು, ಕಡ್ಡಿಪುಡಿ ಯಾವುದೂ ಇಲ್ಲ. 18ನೇ ವಯಸ್ಸಿನಿಂದ 56ರ ತನಕ ಸೌದೆ ಒಲೆ, ದಿನಕ್ಕೆ ಹೆಚ್ಚುಕಮ್ಮಿ 4 ಗಂಟೆ. ಈಗ ಅಡುಗೆ ಗ್ಯಾಸಲ್ಲಿ. ಬಚ್ಚಲ ಹಂಡೆಗೆ ಮಾತ್ರ ಇವತ್ತಿಗೂ ಸೌದೆ, ತೆಂಗಿನ ಗರಿ, ಕಬ್ಬಿನ ತರಗು. ಮೊದಲು ಸುಗ್ಗೀಲಿ ಆಲೆಮನೆ ಕೆಲಸಕ್ಕೂ ಹೋಗ್ತಿದ್ರು.

ಬೆಳಿಗ್ಗೆ ಕೆಮ್ಮು, ಬಿಳಿ ಕಫ. ಸಮ ನೆಲದಲ್ಲೂ ಓರಗೆಯವರ ಜೊತೆ ನಡೆಯೋಕಾಗಲ್ಲ, ಮಧ್ಯೆ ನಿಂತು ಉಸಿರು ತಗೋಬೇಕು. ಕಳೆದ ವರ್ಷ ಒಂದು ಸಲ ಅಡ್ಮಿಟ್ ಆಗಿದ್ರು. ಎಕ್ಸ್‌ರೇ "ಹೆಚ್ಚುಕಮ್ಮಿ ನಾರ್ಮಲ್" ಅಂತ ಬಂತು. ಸ್ಪೈರೋಮೆಟ್ರಿ (ಊದಿಸಿ ನೋಡೋ ಪರೀಕ್ಷೆ): ಔಷಧಿ ಎಳೆಯೋಕೆ ಮೊದಲು ಎಫ್‌ಇವಿ1 0.82 ಲೀಟರ್, ಆಮೇಲೆ 0.87 ಲೀಟರ್ (ಇರಬೇಕಾದ್ದರ 48%). ಎಫ್‌ವಿಸಿ 1.50 ಲೀಟರ್, ಅನುಪಾತ 0.58. ರಕ್ತದಲ್ಲಿ ಬಿಳಿ ಕಣ 8200, ಅದರಲ್ಲಿ ಇಯೊಸಿನೊಫಿಲ್ 4%. ಕೂತಾಗ ಬೆರಳಿನ ಆಕ್ಸಿಮೀಟರ್ 94, ಮಹಡಿ ಮೆಟ್ಟಿಲು ಹತ್ತಿ ಬಂದರೆ 89.

ಕೊಟ್ಟಿರೋದು ಫಾರ್ಮೋಟೆರಾಲ್ + ಬುಡೆಸೊನೈಡ್ ಕ್ಯಾಪ್ಸುಲ್, ಎಳೆದುಕೊಳ್ಳೋ ಡಬ್ಬಿ ಸಮೇತ, ದಿನಕ್ಕೆ ಎರಡು ಸಲ. ಜೊತೆಗೆ ಡಾಕ್ಸೊಫಿಲಿನ್ ಮಾತ್ರೆ. ಅಮ್ಮ ಉಸಿರಾಟ ಹಗುರಾದ ತಕ್ಷಣ ಕ್ಯಾಪ್ಸುಲ್ ನಿಲ್ಲಿಸಿಬಿಡ್ತಾರೆ.

ಬೀಡಿ ಇಲ್ಲದೆ ಈ ಕಾಯಿಲೆ ಹೇಗೆ ಬಂತು? ಇನ್‌ಹೇಲರ್ ಶುರು ಮಾಡಿದರೆ ಚಟ ಆಗುತ್ತೆ ಅಂತಾರಲ್ಲ? ಆಕ್ಸಿಜನ್ ಮಿಷನ್ ಈಗಲೇ ತಂದಿಡಬೇಕಾ? ಆಡುಸೋಗೆ ಕಷಾಯ, ಮೃಗಶಿರ ಮಳೆ ದಿನದ ಮೀನಿನ ಔಷಧಿ ಅಂತ ನೆಂಟರ ಸಲಹೆ ಬೇರೆ.

---

ಊದುಮಿಷನ್ (ಮೈಸೂರು, ಶ್ವಾಸಕೋಶ ವಿಭಾಗ)

ಶಿಂಷಾತೀರ ಅವರೇ, ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಒಲೆ ಹೊಗೆಯ ಲೆಕ್ಕ ಹಾಕೋದು ಸುಲಭ: ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಅದನ್ನ ವರ್ಷಗಳಿಂದ ಗುಣಿಸಿ. ಅಮ್ಮನದು 4 × 38 = 152. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಸಂಖ್ಯೆ 60 ಮುಟ್ಟಿದಲ್ಲಿಂದ ದೀರ್ಘಕಾಲದ ಬ್ರಾಂಕೈಟಿಸ್ (ಬಿಡದ ಕಫ-ಕೆಮ್ಮು) ಹೆಚ್ಚಾಗೋದು ಕಂಡುಬಂತು. ಅಮ್ಮ ಅದರ ಎರಡೂವರೆ ಪಟ್ಟು ಹೊಗೆ ಕುಡಿದಿದ್ದಾರೆ. ಬೀಡಿ ಸೇದೋ ಗಂಡಸರ ಕಾಯಿಲೆ ಅನ್ನೋ ಲೆಕ್ಕಾಚಾರದಿಂದಲೇ ನಮ್ಮ ಕಡೆ ಹೆಂಗಸರ ರೋಗ ಹತ್ತಾರು ವರ್ಷ "ಅಲರ್ಜಿ", "ವಯಸ್ಸಾಯ್ತು" ಅನ್ನೋ ಹೆಸರಲ್ಲಿ ಕಳೆದುಹೋಗುತ್ತೆ.

ಎಕ್ಸ್‌ರೇ ನಾರ್ಮಲ್ ಇರೋದಕ್ಕೂ ಇದಕ್ಕೂ ಸಂಬಂಧ ಇದೆ. ತಂಬಾಕಿನ ಸಿಒಪಿಡಿಯಲ್ಲಿ ಗಾಳಿಚೀಲದ ಗೋಡೆ ಹರಿದು ಶ್ವಾಸಕೋಶ ಉಬ್ಬೋದು (ಎಂಫಿಸೀಮಾ) ಜಾಸ್ತಿ, ಅದು ಚಿತ್ರದಲ್ಲಿ ಕಾಣುತ್ತೆ. ಸೌದೆ ಹೊಗೆಯದರಲ್ಲಿ ಸಣ್ಣ ಗಾಳಿನಾಳಗಳ ಗೋಡೆ ದಪ್ಪವಾಗಿ ಕಲೆಗಟ್ಟೋದು, ಕಫ ಕೂಡೋದು ಜಾಸ್ತಿ. 2 ಮಿ.ಮೀ.ಗಿಂತ ಕಿರಿದಾದ ಆ ನಾಳಗಳು ಎಕ್ಸ್‌ರೇಗೆ ಸಿಗಲ್ಲ. ಸಿಒಪಿಡಿ ಹೌದೋ ಅಲ್ಲವೋ ಹೇಳೋದು ಊದಿಸಿ ನೋಡೋ ಪರೀಕ್ಷೆ ಮಾತ್ರ.

ಈಗ ರಿಪೋರ್ಟ್ ಓದೋಣ. ಎಫ್‌ವಿಸಿ ಅಂದರೆ ಪೂರ್ತಿ ಎಳೆದು ಪೂರ್ತಿ ಊದಿದಾಗ ಹೊರಬಂದ ಒಟ್ಟು ಗಾಳಿ. ಎಫ್‌ಇವಿ1 ಅಂದರೆ ಅದರಲ್ಲಿ ಮೊದಲ ಒಂದು ಸೆಕೆಂಡಲ್ಲಿ ಬಂದದ್ದು. ನಾಳ ಸಡಿಲಿಸೋ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಎಳೆಸಿ, 10ರಿಂದ 15 ನಿಮಿಷ ಬಿಟ್ಟು ಊದಿಸಿದ ಮೇಲೂ ಇವೆರಡರ ಅನುಪಾತ (ಒಂದು ಸೆಕೆಂಡಿನದನ್ನ ಒಟ್ಟು ಗಾಳಿಯಿಂದ ಭಾಗಿಸಿದ್ದು) 0.70ಕ್ಕಿಂತ ಕಡಿಮೆ ಇದ್ದರೆ ನಾಳ ಕಟ್ಟಿರೋದು ಖಚಿತ. ಅಮ್ಮನದು 0.58. ಔಷಧಿ ಆದ ಮೇಲೆ ಏರಿದ್ದು ಬರೀ 50 ಮಿ.ಲೀ., ಶೇಕಡಾ 6. ಆಸ್ತಮಾ ಅನ್ನೋಕೆ ಸಾಮಾನ್ಯವಾಗಿ 12% ಮತ್ತು 200 ಮಿ.ಲೀ. ಎರಡೂ ದಾಟಬೇಕು. ದಾಟಲಿಲ್ಲ ಅಂತ ಆಸ್ತಮಾ ಪೂರ್ತಿ ತಳ್ಳಿಹಾಕೋಕಾಗಲ್ಲ, ಆದರೆ ವಾಲೋದು ಸಿಒಪಿಡಿ ಕಡೆಗೇ. 48% ಅಂದರೆ ಮೂರನೇ ದರ್ಜೆ (30ರಿಂದ 49), ತೀವ್ರ. ವರ್ಷದಲ್ಲಿ ಒಂದು ಸಲ ಅಡ್ಮಿಟ್ ಆಗಿರೋದು ಈ 48ಕ್ಕಿಂತ ದೊಡ್ಡ ಎಚ್ಚರಿಕೆ. ಒಮ್ಮೆ ಹಾಗೆ ಉಲ್ಬಣ ಆದವರಿಗೆ ಮತ್ತೆ ಆಗೋ ಸಾಧ್ಯತೆ ಜಾಸ್ತಿ, ಪ್ರತಿ ಸಲವೂ ಶ್ವಾಸಕೋಶ ಒಂದು ಮೆಟ್ಟಿಲು ಇಳಿಯುತ್ತೆ.

ಈ ಹಣೆಪಟ್ಟಿ ಅಂಟಿಸೋ ಮುಂಚೆ ಮೂರು ವಿಷಯ ನೋಡಿಸಿ. ಹಿಂದೆ ಟಿಬಿ ಆಗಿತ್ತಾ? ಟಿಬಿ ವಾಸಿಯಾದ ಮೇಲೂ ಶ್ವಾಸನಾಳ ಹಿಗ್ಗಿ (ಬ್ರಾಂಕಿಯೆಕ್ಟೇಸಿಸ್) ದಿನಾ ಲೋಟಗಟ್ಟಲೆ ಕಫ ಬರೋರು, ಸ್ಪೈರೋಮೆಟ್ರಿಯಲ್ಲಿ ಸಿಒಪಿಡಿ ಥರಾನೇ ಕಾಣೋರು ಬಹಳ ಜನ ಇದ್ದಾರೆ. ತೂಕ ಇಳಿಯೋದು, ಸಂಜೆ ಜ್ವರ, ಕಫದಲ್ಲಿ ರಕ್ತ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪತ್ತೆಗೆ ಕಫದ ಸಿಬಿನಾಟ್ ಪರೀಕ್ಷೆ ಉಚಿತ. ಎರಡನೇದು, ಬೆರಳ ತುದಿ ಊದಿಕೊಂಡು ಉಗುರು ಗಿಣಿಮೂತಿಯಂತೆ ಬಾಗಿದ್ದರೆ ಅದು ಸಿಒಪಿಡಿಯ ಲಕ್ಷಣ ಅಲ್ಲ, ಸಿಟಿ ಸ್ಕ್ಯಾನ್ ಆಗಲೇಬೇಕು.

ಮೂರನೇದು ಆಲೆಮನೆ. ಮಳೆಗೆ ನೆನೆದು ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆ ಕೆದಕೋರಿಗೆ ಬಗಾಸೋಸಿಸ್ ಅನ್ನೋ ಬೇರೇನೇ ಕಾಯಿಲೆ ಬರುತ್ತೆ. ಕೆಲಸ ಮಾಡಿದ 4ರಿಂದ 8 ಗಂಟೆ ಮೇಲೆ ಜ್ವರ, ಮೈಕೈ ನೋವು, ಒಣಕೆಮ್ಮು, ಏದುಸಿರು. ಕೆಲಸ ಬಿಟ್ಟರೆ ಇಳಿಯುತ್ತೆ, ಹೋದರೆ ಮರಳುತ್ತೆ. ಅದರಲ್ಲಿ ಅನುಪಾತ ಸಾಮಾನ್ಯವಾಗಿ ಸರಿಯಾಗೇ ಇದ್ದು ಒಟ್ಟು ಗಾಳಿ ಕಮ್ಮಿ ಇರುತ್ತೆ, ಹಾಗಾಗಿ ಅಮ್ಮನದು ಅದಲ್ಲ ಅನ್ಸುತ್ತೆ. ಆದರೆ ಆಲೆಮನೆ ಒಲೆಬಾಯಿಗೆ ಸಿಪ್ಪೆ ತುಂಬೋ ಜಾಗದ ಹೊಗೆ, ಕೆಲವು ಕಡೆ ಹಳೆ ಟೈರು ಸುಡೋ ಹೊಗೆ, ಎಲ್ಲ ಆ 152ರ ಮೇಲಿನ ಬಡ್ಡಿ. (ಪಾಂಡವಪುರ ಕಡೆಯ ಕ್ವಾರಿ, ಕ್ರಷರ್ ಕೆಲಸದವರು ಇದನ್ನ ಓದ್ತಿದ್ದರೆ: ನಿಮ್ಮದು ಸಿಲಿಕಾ ಧೂಳು, ದಾರಿ ಬೇರೆ. ಸಿಲಿಕೋಸಿಸ್ (ಆ ಧೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆ) ಇದ್ದವರಿಗೆ ಟಿಬಿ ಬೇಗ ಹಿಡಿಯುತ್ತೆ.)

ಹೋದ ಶ್ವಾಸಕೋಶ ವಾಪಸ್ ಬರಲ್ಲ. ನಡುವಯಸ್ಸು ದಾಟಿದ ಆರೋಗ್ಯವಂತರಲ್ಲೂ ಎಫ್‌ಇವಿ1 ವರ್ಷಕ್ಕೆ 25ರಿಂದ 30 ಮಿ.ಲೀ. ಇಳಿಯುತ್ತೆ. ಹೊಗೆ ನಿಲ್ಲಿಸಿದರೆ ಇಳಿತ ಆ ಸಹಜ ವೇಗದ ಹತ್ತಿರಕ್ಕೆ ಬರುತ್ತೆ. ಹೊಗೆ ನಿಲ್ಲದಿದ್ದರೆ ಯಾವ ಇನ್‌ಹೇಲರ್ರೂ ಅದನ್ನ ತಡೆದು ನಿಲ್ಲಿಸಲ್ಲ. ಅದಕ್ಕೇ ಮೊದಲು ಆ ಬಚ್ಚಲ ಹಂಡೆ. ಅಡುಗೆಗೆ ಗ್ಯಾಸ್ ತಂದು, ಕಿಟಕಿ ಇಲ್ಲದ ಬಚ್ಚಲಲ್ಲಿ ದಿನಾ ಬೆಳಿಗ್ಗೆ ಹಸಿ ಗರಿ ಉರಿಸೋದು ನಮ್ಮ ಕಡೆ ಮನೆಮನೆ ಕತೆ. ಸೋಲಾರ್ ಅಥವಾ ಗೀಸರ್ ಆದರೆ ಒಳ್ಳೇದು. ಆಗದಿದ್ದರೆ ಐಐಎಸ್‌ಸಿಯ ಅಸ್ತ್ರ ಒಲೆ ಮಾದರಿಯಲ್ಲಿ ಹೊಗೆಕೊಳವೆ ಇರೋ ಒಲೆ ಕಟ್ಟಿಸಿ, ಕೊಳವೆ ಬಾಯಿ ಸೂರಿಗಿಂತ ಎರಡಡಿ ಮೇಲಿರಲಿ, ತಿಂಗಳಿಗೊಮ್ಮೆ ಮಸಿ ತೆಗೆಯಿರಿ. ಮಸಿ ಕಟ್ಟಿದ ಕೊಳವೆ ಹೊಗೇನ ಮನೆಯೊಳಕ್ಕೇ ಉಗುಳುತ್ತೆ. ಏನೇ ಆದರೂ ಉರಿ ಹಾಕೋ ಕೆಲಸ ಅಮ್ಮನದಾಗೋದು ಬೇಡ. ಸೊಳ್ಳೆ ಬತ್ತಿ, ಗದ್ದೆಯಲ್ಲಿ ತರಗಿಗೆ ಬೆಂಕಿ ಇಡೋ ದಿನ, ಸಂಕ್ರಾಂತಿ ಕಿಚ್ಚು, ಎಲ್ಲದರಿಂದ ದೂರ.

---

ಮೆಡಿಕಲ್‌ಕೌಂಟರ್ (ಮಂಡ್ಯ, ಫಾರ್ಮಸಿಸ್ಟ್)

ಊದುಮಿಷನ್ ಸಾರ್ ಕಾರಣ ಹೇಳಿದ್ರು. ನಾನು ಆ ಕ್ಯಾಪ್ಸುಲ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ "ಔಷಧಿ ಕೆಲಸ ಮಾಡ್ತಿಲ್ಲ" ಅನ್ನೋ ಹತ್ತರಲ್ಲಿ ಅರ್ಧಕ್ಕೆ ಔಷಧಿ ಎದೆಗೇ ಇಳಿದಿರಲ್ಲ. ಕ್ಯಾಪ್ಸುಲ್ಲನ್ನ ನೀರಿನ ಜೊತೆ ನುಂಗೋರೂ ಇದ್ದಾರೆ. ಸ್ಟ್ರಿಪ್ ಕೈಗೆ ಕೊಟ್ಟು "ಬೆಳಿಗ್ಗೆ ಒಂದು, ರಾತ್ರಿ ಒಂದು" ಅಂದರೆ ಯಾರಾದರೂ ನುಂಗೋದೇ ಅಲ್ವಾ.

ಮೊದಲು ಚಟದ ಮಾತು. ಫಾರ್ಮೋಟೆರಾಲ್ ನಾಳದ ಸುತ್ತಲಿನ ಸ್ನಾಯು ಸಡಿಲಿಸುತ್ತೆ, ಅದರ ಪ್ರಭಾವ ಸುಮಾರು 12 ಗಂಟೆ. ಬುಡೆಸೊನೈಡ್ ಒಳಗಿನ ಉರಿಯೂತ ತಗ್ಗಿಸುತ್ತೆ, ಅದಕ್ಕೆ ದಿನಗಟ್ಟಲೆ ಬೇಕು. ನಿಲ್ಲಿಸಿದರೆ ಉಸಿರು ಕಟ್ಟೋದು ಚಟದಿಂದಲ್ಲ, ಕಾಯಿಲೆ ಅಲ್ಲೇ ಇರೋದರಿಂದ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರೋ ಹಾಗೆ. ಡೋಸ್ ಕೂಡ ನೋಡಿ: ಎಳೆಯೋದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಮಾತ್ರೆ ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕದಲ್ಲಿ. ಹೆದರಬೇಕಾದ್ದು ಚೀಟಿ ಇಲ್ಲದೆ "ದಮ್ಮಿನ ಮಾತ್ರೆ ಕೊಡಿ" ಅಂತ ತಗೊಂಡು ತಿಂಗಳುಗಟ್ಟಲೆ ನುಂಗೋ ಬಿಳಿ ಸಣ್ಣ ಸ್ಟೀರಾಯ್ಡ್ ಮಾತ್ರೆಗೆ. ಮುಖ ಊದುತ್ತೆ, ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ. ಅದನ್ನ ಬಹಳ ದಿನ ತಿಂದಿದ್ದರೆ ಒಮ್ಮೆಗೇ ನಿಲ್ಲಿಸೋದೂ ಅಪಾಯ, ಡಾಕ್ಟ್ರು ಹೇಳಿದ ಹಾಗೆ ಇಳಿಸಬೇಕು.

ಎಳೆಯೋ ಕ್ರಮ. ಅಮ್ಮನ ಡಬ್ಬಿ ತಿರುಗಿಸೋ ಥರದ್ದಾ (ರೋಟಾಹೇಲರ್), ಬಾಯಿ ತೆಗೆದು ಮುಚ್ಚಿದಾಗ ಚುಚ್ಚೋ ಥರದ್ದಾ (ರೆವೊಲೈಜರ್) ನೋಡಿ. ತಿರುಗಿಸೋದಾದರೆ ಕ್ಯಾಪ್ಸುಲ್ಲಿನ ಪಾರದರ್ಶಕ ತುದಿ ಕೆಳಗೆ ಬರೋ ಹಾಗೆ ಚೌಕ ತೂತಿಗೆ ಇಟ್ಟು, ಮೇಲ್ಭಾಗ ತೂತಿನ ಅಂಚಿಗೆ ಸಮ ಆಗೋ ತನಕ ಒತ್ತಬೇಕು. ಅರ್ಧ ಒತ್ತಿದರೆ ತಿರುಗಿಸಿದಾಗ ಅದು ತೆರೆಯೋದೇ ಇಲ್ಲ. ಬುಡವನ್ನ ಕೊನೇ ತನಕ ತಿರುಗಿಸಿ, ಒಳಗೆ ಎರಡು ಹೋಳಾಗಿ ಬಿದ್ದಿರೋದು ಕಾಣಬೇಕು. ಚುಚ್ಚೋ ಥರದ್ದರಲ್ಲಿ ಕ್ಯಾಪ್ಸುಲ್ ಹಾಕಿ ಟಕ್ ಅನ್ನೋ ಹಾಗೆ ಮುಚ್ಚಿದರೆ ಸಾಕು.

ಆಮೇಲೆ ಕೂತು ಬೆನ್ನು ನೆಟ್ಟಗೆ ಮಾಡಿ, ಡಬ್ಬಿಯಿಂದ ಮುಖ ಆಚೆ ತಿರುಗಿಸಿ ಉಸಿರು ಪೂರ್ತಿ ಬಿಡಬೇಕು. ಡಬ್ಬಿಯೊಳಗೇ ಉಸಿರು ಬಿಟ್ಟರೆ ಬಾಯಿಯ ತೇವಕ್ಕೆ ಪುಡಿ ಗಂಟಾಗುತ್ತೆ, ಇದು ದಿನಾ ಕಾಣೋ ತಪ್ಪು. ತುಟಿ ಬಿಗಿಯಾಗಿ ಮುಚ್ಚಿ, ನಾಲಿಗೆ ಅಡ್ಡ ಬರದ ಹಾಗೆ, ಬಾಯಿಂದ ಜೋರಾಗಿ ಆಳವಾಗಿ ಒಂದೇ ಎಳೆತ. ಕ್ಯಾಪ್ಸುಲ್ ಗರಗರ ಸದ್ದು ಮಾಡಬೇಕು, ಸದ್ದಿಲ್ಲ ಅಂದರೆ ಗಾಳಿ ಸಾಲಲಿಲ್ಲ. ಡಬ್ಬಿ ತೆಗೆದು, ಬಾಯಿ ಮುಚ್ಚಿ 10 ಎಣಿಸೋ ತನಕ, ಆಗದಿದ್ದರೆ ಆದಷ್ಟು, ಉಸಿರು ಹಿಡಿಯಿರಿ. ತೆಗೆದು ನೋಡಿ, ಪುಡಿ ಉಳಿದಿದ್ದರೆ ಅದೇ ಕ್ಯಾಪ್ಸುಲ್ಲನ್ನ ಇನ್ನೊಂದು ಸಲ ಎಳೆಯೋದು. ಕೊನೆಗೆ ಗಂಟಲ ತನಕ ನೀರು ಮುಕ್ಕಳಿಸಿ ಉಗುಳೋದು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ, ದನಿ ಗೊಗ್ಗರು. ಇನ್‌ಹೇಲರ್ರನ್ನ ಹಲ್ಲುಜ್ಜೋ ಬ್ರಷ್ ಪಕ್ಕ ಇಟ್ಟು, ಎಳೆದ ಮೇಲೇ ಹಲ್ಲುಜ್ಜಿಸಿ. ಮರೆಯೋದೂ ತಪ್ಪುತ್ತೆ, ಮುಕ್ಕಳಿಸಿದ್ದೂ ಆಗುತ್ತೆ.

ಕ್ಯಾಪ್ಸುಲ್ಲನ್ನ ಎಳೆಯೋ ಹೊತ್ತಿಗೇ ಸ್ಟ್ರಿಪ್‌ನಿಂದ ತೆಗೀಬೇಕು. ಮುಂಚೇನೇ ಬಿಡಿಸಿ ಡಬ್ಬಿಗೆ ತುಂಬಿಟ್ಟರೆ ಮಳೆಗಾಲದಲ್ಲಿ ಮೆತ್ತಗಾಗುತ್ತೆ. ಎಳೆಯೋ ಡಬ್ಬಿಯನ್ನ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ.

43 ಕೆ.ಜಿ. ತೂಕ, 48% ಎಫ್‌ಇವಿ1 ಇರೋರಿಗೆ ಜೋರಾಗಿ ಎಳೆಯೋ ಶಕ್ತಿ ಇಲ್ಲದಿರಬಹುದು. ಎರಡು ಎಳೆತದಲ್ಲೂ ಪುಡಿ ಉಳಿದರೆ ಡಾಕ್ಟ್ರಿಗೆ ಹೇಳಿ ಒತ್ತೋ ಇನ್‌ಹೇಲರ್ + ಸ್ಪೇಸರ್‌ಗೆ (ಇನ್‌ಹೇಲರ್‌ಗೂ ಬಾಯಿಗೂ ನಡುವೆ ಹಾಕೋ ಪ್ಲಾಸ್ಟಿಕ್ ಕೊಳವೆ) ಬದಲಾಯಿಸಿ. ಅಲ್ಲಿ ಕ್ರಮ ಪೂರ್ತಿ ಉಲ್ಟಾ: ಕುಲುಕಿ, ಸ್ಪೇಸರ್‌ಗೆ ಸಿಕ್ಕಿಸಿ, ಉಸಿರು ಬಿಟ್ಟು, ಒಂದು ಸಲ ಒತ್ತಿ, 4-5 ಸೆಕೆಂಡ್ ನಿಧಾನಕ್ಕೆ ಎಳೆದು, 10 ಎಣಿಸಿ. ಎರಡನೇ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ಎರಡೂ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ಸ್ಪೇಸರ್ ಗೋಡೆಗೇ ಹೋಗುತ್ತೆ. ಸ್ಪೇಸರ್ರನ್ನ ಪಾತ್ರೆ ತೊಳೆಯೋ ಸೋಪು ಬೆರೆಸಿದ ನೀರಲ್ಲಿ ಅದ್ದಿ ಹಾಗೇ ಒಣಗೋಕೆ ಬಿಡಿ, ಬಟ್ಟೇಲಿ ಉಜ್ಜಬೇಡಿ. ಉಜ್ಜಿದರೆ ಪ್ಲಾಸ್ಟಿಕ್‌ಗೆ ಕರೆಂಟು ಹಿಡಿದ ಹಾಗಾಗಿ ಔಷಧಿ ಅಂಟಿಕೊಳ್ಳುತ್ತೆ. ಇನ್‌ಹೇಲರ್ ಖಾಲಿಯಾಯ್ತಾ ಅಂತ ನೀರಲ್ಲಿ ತೇಲಿಸಿ ನೋಡೋದು ಸುಳ್ಳು ಲೆಕ್ಕ. ಹಿಂದಿನ ಕೌಂಟರ್ ನೋಡಿ, ಇಲ್ಲದಿದ್ದರೆ ಶುರು ಮಾಡಿದ ತಾರೀಕು ಡಬ್ಬಿ ಮೇಲೆ ಬರೆದು ಲೆಕ್ಕ ಹಾಕಿ.

ಖರ್ಚು ಜಾಸ್ತಿ ಅನ್ನಿಸಿದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಕಂಪನಿ ಬದಲಾದರೆ ಡಬ್ಬಿಯೂ ಬದಲಾಗಬೇಕಾ ಅಂತ ಕೇಳಿಯೇ ತಗೊಳ್ಳಿ, ಒಂದರ ಕ್ಯಾಪ್ಸುಲ್ ಇನ್ನೊಂದರ ಡಬ್ಬಿಗೆ ಕೂರದೆ ಇರಬಹುದು.

---

ಶಿಂಷಾತೀರ

ತಿರುಗಿಸೋ ಥರದ್ದೇ. ನಿನ್ನೆ ಎಳೆದಾದ ಮೇಲೆ ತೆಗೆದು ನೋಡಿದೆ, ಅರ್ಧ ಪುಡಿ ಅಲ್ಲೇ ಇತ್ತು. ಔಷಧಿ ಬೇರೆ ಏನಾದರೂ ಸೇರಿಸಬೇಕಾ? ಡಾಕ್ಸೊಫಿಲಿನ್ ಬೇಕೇಬೇಕಾ? ಇನ್ನೊಂದು, ಅಮ್ಮ ಕಣ್ಣಿನ ಪ್ರೆಶರ್‌ಗೆ ಎರಡು ವರ್ಷದಿಂದ ಟಿಮೊಲಾಲ್ ಡ್ರಾಪ್ಸ್ ಹಾಕ್ತಾರೆ. ಅದಕ್ಕೂ ಇದಕ್ಕೂ ತೊಂದರೆ ಇಲ್ಲ ತಾನೆ?

---

ಊದುಮಿಷನ್

ತೊಂದರೆ ಇದೆ, ದೊಡ್ಡದೇ ಇದೆ. ಟಿಮೊಲಾಲ್ ಬೀಟಾ ಬ್ಲಾಕರ್. ಕಣ್ಣಿಗೆ ಹಾಕಿದ ಹನಿ ಕಣ್ಣೀರ ನಾಳದ ಮೂಲಕ ಮೂಗಿಗೆ ಇಳಿದು, ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತೆ. ನಾಳ ಸಡಿಲಿಸೋಕೆ ಫಾರ್ಮೋಟೆರಾಲ್ ಹಿಡಿಯೋ ಅದೇ ಕೊಂಡಿಯನ್ನ ಟಿಮೊಲಾಲ್ ಮುಚ್ಚಿಬಿಡುತ್ತೆ. ಸಿಒಪಿಡಿ, ಆಸ್ತಮಾ ಇರೋರಿಗೆ ಅದನ್ನ ಕೊಡಬಾರದು. ಕಣ್ಣಿನ ಡಾಕ್ಟ್ರಿಗೆ ಶ್ವಾಸದ ಕಾಯಿಲೆ ಗೊತ್ತಿಲ್ಲ, ಎದೆ ಡಾಕ್ಟ್ರಿಗೆ ಕಣ್ಣಿನ ಹನಿ ಗೊತ್ತಿಲ್ಲ. "ಏನೇನು ಮಾತ್ರೆ ತಗೋತೀರಿ" ಅಂತ ಕೇಳಿದಾಗ ಹನಿಯನ್ನ ಯಾರೂ ಮಾತ್ರೆ ಅಂತ ಎಣಿಸಲ್ಲ. ಆದರೆ ನೀವಾಗೇ ನಿಲ್ಲಿಸಬೇಡಿ, ಕಣ್ಣಿನ ಒತ್ತಡ ಏರಿದರೆ ದೃಷ್ಟಿಗೇ ಕುತ್ತು. ಈ ವಾರವೇ ಕಣ್ಣಿನ ಡಾಕ್ಟ್ರ ಹತ್ತಿರ ಸ್ಪೈರೋಮೆಟ್ರಿ ರಿಪೋರ್ಟ್ ಸಮೇತ ಹೋಗಿ, ಲ್ಯಾಟಾನೊಪ್ರೋಸ್ಟ್ ಥರದ ಬೇರೆ ಗುಂಪಿನ ಹನಿಗೆ ಬದಲಾಯಿಸೋಕಾಗುತ್ತಾ ಕೇಳಿ. ಅಲ್ಲಿ ತನಕ ಹನಿ ಹಾಕಿದ ತಕ್ಷಣ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನ ಬೆರಳಲ್ಲಿ ಎರಡು ನಿಮಿಷ ಒತ್ತಿ ಹಿಡಿಸಿ, ರಕ್ತಕ್ಕೆ ಹೋಗೋದು ಕಮ್ಮಿಯಾಗುತ್ತೆ.

ಹಾಗೇ ಆ ಗ್ಲಾಕೋಮಾ (ಕಣ್ಣಿನ ಪ್ರೆಶರ್ ಕಾಯಿಲೆ) ಯಾವ ಬಗೆ, ಕಣ್ಣೊಳಗಿನ ಕೋನ ಕಿರಿದಾದದ್ದಾ ಅಂತ ಬರೆಸಿಕೊಂಡು ಬನ್ನಿ. ಅದು ಯಾಕೆ ಬೇಕು ಅಂದರೆ, ಅಮ್ಮನ ಚೀಟಿಯಲ್ಲಿ ಒಂದು ಔಷಧಿ ಕಮ್ಮಿ ಇದೆ. ಸಿಒಪಿಡಿಗೆ ಅಡಿಪಾಯ ಎರಡು ಬಗೆಯ ಸಡಿಲಕಾರಿಗಳ ಜೋಡಿ: ಫಾರ್ಮೋಟೆರಾಲ್ ಥರದ್ದು ಒಂದು, ಟಿಯೋಟ್ರೋಪಿಯಂ (ದಿನಕ್ಕೊಮ್ಮೆ 18 ಮೈಕ್ರೋಗ್ರಾಂ ಕ್ಯಾಪ್ಸುಲ್) ಅಥವಾ ಗ್ಲೈಕೊಪೈರೋನಿಯಂ ಥರದ್ದು ಇನ್ನೊಂದು. ಬುಡೆಸೊನೈಡ್ ಥರದ ಸ್ಟೀರಾಯ್ಡ್ ಎಲ್ಲರಿಗೂ ಬೇಡ, ನ್ಯುಮೋನಿಯಾ ಅಪಾಯ ಸ್ವಲ್ಪ ಏರಿಸುತ್ತೆ. ಅದನ್ನ ತೀರ್ಮಾನಿಸೋಕೆ ಆ ಇಯೊಸಿನೊಫಿಲ್ ಲೆಕ್ಕ: 8200ರಲ್ಲಿ 4% ಅಂದರೆ 328. 300 ಮುಟ್ಟಿದೆ, ಅಡ್ಮಿಟ್ ಕೂಡ ಆಗಿದ್ದಾರೆ, ಹಾಗಾಗಿ ಅಮ್ಮನಿಗೆ ಸ್ಟೀರಾಯ್ಡ್ ಲಾಭ ಇದೆ. 100ಕ್ಕಿಂತ ಕಮ್ಮಿ ಇದ್ದರೆ ಲಾಭಕ್ಕಿಂತ ನಷ್ಟ ಜಾಸ್ತಿ ಅಂತಿದ್ದೆ. ಮೂರೂ ಒಂದರಲ್ಲೇ ಇರೋ ಇನ್‌ಹೇಲರ್ ಸಿಗುತ್ತೆ, ಸ್ಪೇಸರ್ ಹಾಕಿ ಬಳಸೋ ಬಗೆಯೂ ಇದೆ. ಟಿಯೋಟ್ರೋಪಿಯಂ ಥರದ ಆ ಎರಡನೇ ಗುಂಪಿನ ಔಷಧಿ ಕಣ್ಣಿಗೆ ತಾಗಿದರೆ ಕಿರಿದಾದ ಕೋನದ ಗ್ಲಾಕೋಮಾ ಕೆರಳುತ್ತೆ, ಮೂತ್ರ ಕಟ್ಟೋದೂ ಉಂಟು. ಆಸ್ಪತ್ರೆಯಲ್ಲಿ ಇದೇ ಗುಂಪಿನ ಇಪ್ರಾಟ್ರೋಪಿಯಂ ಔಷಧಿಯನ್ನ ನೆಬುಲೈಸ್ ಮಾಡುವಾಗ (ಮಂಜು ಮಾಡಿ ಎಳೆಸುವಾಗ) ಮಾಸ್ಕ್ ಸಡಿಲ ಇದ್ದರೆ ಮಂಜು ನೇರ ಕಣ್ಣಿಗೇ ಹೋಗುತ್ತೆ, "ಕಣ್ಣಿನ ಪ್ರೆಶರ್ ಇದೆ, ಬಾಯಿಗೆ ಇಡೋ ಕೊಳವೆ ಹಾಕಿ" ಅಂತ ನೀವೇ ಹೇಳಬೇಕಾಗುತ್ತೆ.

ಡಾಕ್ಸೊಫಿಲಿನ್ ವಿಷಯ ಡಾಕ್ಟ್ರ ಜೊತೆ ಮಾತಾಡಿ. ಇನ್‌ಹೇಲರ್ ಸರಿಯಾಗಿ ಇಳಿದ ಮೇಲೆ ಹೆಚ್ಚಿನವರಿಗೆ ಅದರ ಅಗತ್ಯ ಉಳಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಇದೇ ಕುಟುಂಬದ ಹಳೇ ಥಿಯೋಫಿಲಿನ್ ಮಾತ್ರೆ ತಿನ್ನೋರು ಸಿಪ್ರೊಫ್ಲಾಕ್ಸಾಸಿನ್ ಜೊತೆ ತಗೊಂಡರೆ ರಕ್ತದಲ್ಲಿ ಮಟ್ಟ ಏರಿ ವಾಂತಿ, ಎದೆಬಡಿತ, ಫಿಟ್ಸ್ ತನಕ ಹೋಗಬಹುದು. ನಿದ್ದೆ ಬರಲ್ಲ ಅಂತ ಆಲ್ಪ್ರಜೋಲಾಂ ಮಾತ್ರ ಬೇಡವೇ ಬೇಡ, ಉಸಿರಾಡೋ ಪ್ರೇರಣೆಯನ್ನೇ ತಗ್ಗಿಸುತ್ತೆ.

ಉಲ್ಬಣ ಆದಾಗ ಏನು ಮಾಡಬೇಕು ಅನ್ನೋದನ್ನ ಡಾಕ್ಟ್ರ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ ಬಾಗಿಲ ಹಿಂದೆ ಅಂಟಿಸಿ. ಏದುಸಿರು ಜಾಸ್ತಿ, ಕಫ ಜಾಸ್ತಿ, ಬಿಳಿ ಕಫ ಹಳದಿ-ಹಸಿರಿಗೆ ತಿರುಗೋದು, ಈ ಮೂರನ್ನ ಗಮನಿಸಿ. ಸಾಲ್ಬುಟಮಾಲ್ 100 ಮೈಕ್ರೋಗ್ರಾಂ ಇನ್‌ಹೇಲರ್ ಸ್ಪೇಸರ್‌ನಲ್ಲಿ ಒಂದೊಂದೇ ಪಫ್ ಹಾಗೆ 4ರಿಂದ 6, ಅಗತ್ಯ ಬಿದ್ದರೆ 20 ನಿಮಿಷ ಬಿಟ್ಟು ಇನ್ನೊಮ್ಮೆ. ಸ್ಟೀರಾಯ್ಡ್ ಮಾತ್ರೆ ಬೇಕಾದರೆ ಪ್ರೆಡ್ನಿಸೊಲೋನ್ 40 ಮಿ.ಗ್ರಾಂ 5 ದಿನ ಸಾಕು. 2013ರ ರೆಡ್ಯೂಸ್ ಅಧ್ಯಯನದಲ್ಲಿ 5 ದಿನ ಕೊಟ್ಟದ್ದು 14 ದಿನ ಕೊಟ್ಟದ್ದಕ್ಕೆ ಏನೂ ಕಮ್ಮಿ ಇರಲಿಲ್ಲ. ಆಂಟಿಬಯಾಟಿಕ್ ಕಫದ ಬಣ್ಣ ತಿರುಗಿದಾಗ ಮಾತ್ರ. ಮಾತು ಪೂರ್ತಿ ಆಡೋಕಾಗದೆ ತುಂಡು ತುಂಡಾದರೆ, ತುಟಿ ನೀಲಿ ಆದರೆ, ಮಂಪರು ಬಂದರೆ, ಆಕ್ಸಿಮೀಟರ್ 88ಕ್ಕಿಂತ ಕೆಳಗಿಳಿದರೆ ಕಾಯಬೇಡಿ, 108.

ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋಕಾಕಲ್ ಲಸಿಕೆಯೂ ಹಾಕಿಸಿ.

---

ಹೊಂಬಾಳೆ

ಆಡುಸೋಗೆ ಬಗ್ಗೆ ಏನೂ ಹೇಳದೆ ಹಗುರ ಮಾಡಬೇಡಿ ಸಾರ್, ಕಫ ಕರಗಿಸುತ್ತಲ್ಲ.

ಊದುಮಿಷನ್

ಹಗುರ ಮಾಡ್ತಿಲ್ಲ. ಕಫದ ಸಿರಪ್‌ನಲ್ಲಿರೋ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಆಡುಸೋಗೆಯ ವ್ಯಾಸಿಸಿನ್ ಅನ್ನೋ ಅಂಶದಿಂದ. ಕಫ ಸಡಿಲಾಗಬಹುದು, ಕಿರಿದಾದ ನಾಳ ಅದರಿಂದ ಅಗಲ ಆಗಲ್ಲ. ಇನ್‌ಹೇಲರ್ ಜೊತೆಗೆ ಕುಡಿಯೋದಾದರೆ ಡಾಕ್ಟ್ರಿಗೆ ತಿಳಿಸಿ ಕುಡೀಲಿ, ಬದಲಿಗೆ ಬೇಡ. ಮೃಗಶಿರದ ಔಷಧಿಗೆ ಸಿಒಪಿಡಿ ಗುಣ ಮಾಡಿದ ಪುರಾವೆ ಇಲ್ಲ. ಅದರ ನಂಬಿಕೆ ಮೇಲೆ ಇನ್‌ಹೇಲರ್ ನಿಲ್ಲಿಸಿ ಜೂನ್ ಮಳೆಗೆ ಉಲ್ಬಣ ಆಗಿ ಬರೋದೇ ಸಮಸ್ಯೆ.

---

ಚಾಮುಂಡಿಮೆಟ್ಟಿಲು (ಮೈಸೂರು, ಫಿಸಿಯೋಥೆರಪಿ)

ಆಕ್ಸಿಜನ್ ಮಿಷನ್ ಸದ್ಯಕ್ಕೆ ಬೇಡ, ಆ ದುಡ್ಡು ಸೋಲಾರ್‌ಗೆ ಹಾಕಿ. ಮನೆಯಲ್ಲಿ ದೀರ್ಘಕಾಲ ಆಕ್ಸಿಜನ್ ಕೊಡೋ ನಿಯಮ ಸ್ಪಷ್ಟ: ಕೂತು ವಿಶ್ರಾಂತಿಯಲ್ಲಿದ್ದಾಗ 88% ಅಥವಾ ಕೆಳಗೆ, ಅಥವಾ ಅಪಧಮನಿಯಿಂದ ತೆಗೆದ ರಕ್ತದ ಎಬಿಜಿ ಪರೀಕ್ಷೆಯಲ್ಲಿ ಆಕ್ಸಿಜನ್ ಒತ್ತಡ 55 ಎಂಎಂ ಅಥವಾ ಕೆಳಗೆ. ಹೃದಯದ ಬಲಭಾಗ ಸೋತು ಕಾಲು ಊದಿದ್ದರೆ 60ರ ತನಕ. ಅಂಥವರು ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಂಡರೆ ಆಯಸ್ಸು ಹೆಚ್ಚುತ್ತೆ, ಇದು 1980-81ರ ಎರಡು ಅಧ್ಯಯನಗಳಿಂದ ಗೊತ್ತಾದದ್ದು. ಅಮ್ಮನ ಥರ ಕೂತಾಗ 94 ಇದ್ದು ಮೆಟ್ಟಿಲು ಹತ್ತಿದಾಗ 89 ಆಗೋರಿಗೆ ಆಯಸ್ಸೂ ಹೆಚ್ಚಲಿಲ್ಲ, ಅಡ್ಮಿಟ್ ಆಗೋದೂ ತಪ್ಪಲಿಲ್ಲ ಅಂತ 2016ರ ಅಧ್ಯಯನ ಹೇಳುತ್ತೆ. ಅಳೆಯುವಾಗ ಬೆರಳು ಬೆಚ್ಚಗಿರಲಿ, ಮೆಹಂದಿ, ನೇಲ್ ಪಾಲಿಶ್ ಇಲ್ಲದ ಬೆರಳಿಗೆ ಹಾಕಿ, ಅಂಕಿ ಅಲುಗಾಡದೆ ನಿಂತ ಮೇಲೆ ಓದಿ.

ಮುಂದೆ ಬೇಕಾದರೆ ಗೊತ್ತಿರಲಿ. 5 ಲೀಟರಿನ ಕಾನ್ಸಂಟ್ರೇಟರ್ (ಆಕ್ಸಿಜನ್ ಮಿಷನ್) ಹೆಚ್ಚುಕಮ್ಮಿ 350 ವ್ಯಾಟ್ ಎಳೆಯುತ್ತೆ, 15 ಗಂಟೆಗೆ ಐದು ಯೂನಿಟ್ ಮೇಲೆ, ತಿಂಗಳಿಗೆ 150 ದಾಟುತ್ತೆ. ಗೃಹಜ್ಯೋತಿಯ 200 ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು, ಆ ಲೆಕ್ಕ ಮೊದಲೇ ಹಾಕಿ. ಗೋಡೆಯಿಂದ ಒಂದಡಿ ದೂರ, ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಒಣಗಿಸಿ, ಕರೆಂಟು ಹೋದಾಗಿಗೆ ಒಂದು ಸಿಲಿಂಡರ್. ಒಲೆ, ದೀಪ, ಕರ್ಪೂರ, ಅಗರಬತ್ತಿ ಹತ್ತಡಿ ಆಚೆ. "ಜಾಸ್ತಿ ಕೊಟ್ಟರೆ ಒಳ್ಳೇದು" ಅಂತ ಗುಂಡಿ ತಿರುಗಿಸಬಾರದು. ಗುರಿ 88ರಿಂದ 92. ಇಂಥ ಶ್ವಾಸಕೋಶಕ್ಕೆ ಅತಿಯಾಗಿ ಆಕ್ಸಿಜನ್ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಕೂಡಿ ಮೊದಲು ತಲೆನೋವು, ಆಮೇಲೆ ಮಂಪರು. ಆಂಬುಲೆನ್ಸ್‌ನವರಿಗೂ ಈ ಗುರಿ ಹೇಳಿ.

ಅಮ್ಮನಿಗೆ ಇವತ್ತೇ ಬೇಕಾದ್ದು ವ್ಯಾಯಾಮ. ಏದುಸಿರಿಗೆ ಹೆದರಿ ಕೂರೋದು, ಕೂತಷ್ಟೂ ತೊಡೆ ಸ್ನಾಯು ಕರಗೋದು, ಕರಗಿದಷ್ಟೂ ಏದುಸಿರು, ಈ ಸುತ್ತಿಂದ ಹೊರಬರೋಕೆ ಔಷಧಿ ಒಂದೇ ಸಾಲಲ್ಲ. ಮೊದಲು ತುಟಿ ಕಿರಿದು ಮಾಡಿ ಉಸಿರು ಬಿಡೋದು ಕಲಿಸಿ: ಮೂಗಿಂದ ಎರಡು ಎಣಿಸಿ ಎಳೆದು, ತುಟಿ ಕಿರಿದು ಮಾಡಿ ನಾಲ್ಕು ಎಣಿಸಿ ಬಿಡೋದು. ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳೋದು ತಪ್ಪುತ್ತೆ. ಆಮೇಲೆ ಜಗಲಿ ಅಥವಾ ಅಂಗಳದಲ್ಲಿ ನಡಿಗೆ, ಸಾಲ್ಬುಟಮಾಲ್ ಎರಡು ಪಫ್ ಎಳೆದು ಹದಿನೈದು ನಿಮಿಷದ ಮೇಲೆ. ಐದು ನಿಮಿಷದಿಂದ ಶುರು, ವಾರಕ್ಕೆ ಎರಡೆರಡು ನಿಮಿಷ ಏರಿಸಿ 20-30ಕ್ಕೆ ತನ್ನಿ. ಏದುಸಿರು ಹತ್ತಕ್ಕೆ ನಾಲ್ಕರ ತನಕ ಬರಬೇಕು, ಬರದಿದ್ದರೆ ವ್ಯಾಯಾಮ ಸಾಲಲಿಲ್ಲ. 88ಕ್ಕಿಂತ ಇಳಿದರೆ ನಿಲ್ಲಿಸಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು ಹತ್ತು ಸಲ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಎತ್ತೋದು ಹತ್ತು ಸಲ, ಏಳುವಾಗ, ಎತ್ತುವಾಗ ಉಸಿರು ಬಿಡಬೇಕು. ಫಲ ಕಾಣೋಕೆ 6ರಿಂದ 8 ವಾರ.

ಬಗ್ಗಿ ಕಲ್ಲಿನ ಮೇಲೆ ಬಟ್ಟೆ ಒಗೆಯೋದು, ಕೈ ಮೇಲೆತ್ತಿ ತಲೆ ಬಾಚೋದು, ಇವೆರಡಕ್ಕೆ ಉಸಿರು ಬೇಗ ಕಟ್ಟುತ್ತೆ. ಸ್ನಾನಕ್ಕೆ ಸ್ಟೂಲ್ ಹಾಕಿ ಕೂರಿಸಿ.

ಊಟ. 43 ಕೆ.ಜಿ., 150 ಸೆಂ.ಮೀ. ಅಂದರೆ ಬಿಎಂಐ 19, ಈ ಕಾಯಿಲೆಯಲ್ಲಿ ಇದು ಕಮ್ಮಿ. ಒಂದೇ ಹೊತ್ತಿಗೆ ದೊಡ್ಡ ಮುದ್ದೆ ಉಂಡರೆ ಹೊಟ್ಟೆ ಉಬ್ಬಿ ವಪೆಯನ್ನ ಮೇಲಕ್ಕೆ ಒತ್ತುತ್ತೆ. ಅರ್ಧ ಮುದ್ದೆ ಮಾಡಿ, ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಕೊಡಿ. ಪ್ರೋಟೀನ್ 55-60 ಗ್ರಾಂ ಗುರಿ ಇಟ್ಟುಕೊಳ್ಳಿ: ಮೊಟ್ಟೆ ಒಂದಕ್ಕೆ 6 ಗ್ರಾಂ, ಉಳಿದದ್ದು ಬಸ್ಸಾರಿನ ಕಾಳು, ಮೊಸರು, ಕಡ್ಲೆಬೀಜ, ಮೀನು.

---

ಶಿಂಷಾತೀರ

ಎಲ್ಲರಿಗೂ ಥ್ಯಾಂಕ್ಸ್. ಹಂಡೆ ಒಲೆ ನಿಲ್ಲಿಸ್ತೀವಿ, ಕಣ್ಣಿನ ಡಾಕ್ಟ್ರ ಹತ್ತಿರ ಗುರುವಾರ ಹೋಗ್ತೀವಿ. ಹನಿ ಬದಲಾದ ಮೇಲೆ ಸ್ಪೈರೋಮೆಟ್ರಿ ಮತ್ತೆ ಮಾಡಿಸಬೇಕಾ? ಎಲ್ಲಿ?

ಊದುಮಿಷನ್

ಮಾಡಿಸಿ. ಟಿಮೊಲಾಲ್ ನಿಂತು, ಹೊಸ ಇನ್‌ಹೇಲರ್ ಸರಿಯಾಗಿ ಇಳಿಯೋಕೆ ಶುರುವಾಗಿ ಸುಮಾರು ಮೂರು ತಿಂಗಳಿಗೆ. ಹನಿಯ ಪಾಲು ಎಷ್ಟು, ಹೊಗೆಯ ಪಾಲು ಎಷ್ಟು ಅಂತ ಆಗ ಗೊತ್ತಾಗುತ್ತೆ. ಮಂಡ್ಯದ ಮಿಮ್ಸ್ ಆಸ್ಪತ್ರೆ ನಿಮಗೆ ಹತ್ತಿರ, ಮೈಸೂರಿಗೆ ಬರೋದಾದರೆ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ. ಮುಂಚೆ ಫೋನ್ ಮಾಡಿ ಊದಿಸೋ ದಿನ ಯಾವುದು ಕೇಳಿಕೊಳ್ಳಿ.

ಕಾಯಿಲೆಯ ಮಟ್ಟ ಹೊಸದಾಗಿ ಅಳೆಯೋದಾದರೆ ಸಾಲ್ಬುಟಮಾಲ್ 4ರಿಂದ 6 ಗಂಟೆ, ಫಾರ್ಮೋಟೆರಾಲ್ ಕ್ಯಾಪ್ಸುಲ್ 24 ಗಂಟೆ, ಟಿಯೋಟ್ರೋಪಿಯಂ 36ರಿಂದ 48 ಗಂಟೆ ಮೊದಲು ಬಿಡೋಕೆ ಹೇಳ್ತಾರೆ. ಬಿಡಬೇಕಾ ಬೇಡವಾ ಡಾಕ್ಟ್ರನ್ನ ಕೇಳಿಯೇ ತೀರ್ಮಾನಿಸಿ, ಬಿಟ್ಟಾಗ ಉಸಿರು ಕಟ್ಟಿದರೆ ಎಳೆದುಬಿಡಿ, ಪರೀಕ್ಷೆ ಇನ್ನೊಂದು ದಿನ ಆದೀತು. ಎರಡು ಗಂಟೆ ಮೊದಲು ಹೊಟ್ಟೆ ತುಂಬ ಊಟ ಬೇಡ. ಸೀರೆ, ಲಂಗದ ಗಂಟು ಸಡಿಲ ಇರಲಿ, ಹಲ್ಲುಸೆಟ್ ಗಟ್ಟಿ ಕೂತಿದ್ದರೆ ತೆಗೆಯೋದು ಬೇಡ. ಕನಿಷ್ಠ ಮೂರು ಸಲ ಸರಿಯಾಗಿ ಊದಬೇಕು, ಅದರಲ್ಲಿ ಎತ್ತರದ ಎರಡು ಎಫ್‌ಇವಿ1 ನಡುವೆ 150 ಮಿ.ಲೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದೇ ಊದಿಗೆ ರಿಪೋರ್ಟ್ ಕೊಟ್ಟರೆ ಮತ್ತೆ ಊದಿಸೋಕೆ ಹೇಳಿ. ಇನ್‌ಹೇಲರ್, ಸ್ಪೇಸರ್, ಕಣ್ಣಿನ ಹನಿಯ ಬಾಟಲಿ, ಮೂರನ್ನೂ ಒಂದು ಕವರ್‌ನಲ್ಲಿ ಹಾಕಿ ತನ್ನಿ, ಅಮ್ಮ ಹೇಗೆ ಎಳೀತಾರೆ ಅಂತ ಅಲ್ಲೇ ಮಾಡಿಸಿ ನೋಡ್ತಾರೆ.